ಮೂರನೇ ಸಿಲಿಂಡರು ಯಾಕೆ ಸುಮ್ಮನಿದೆ?

ಸಂಗೀತ ಕಚೇರಿಯಲ್ಲಿ ಕೂತು ಶ್ರುತಿ ಕೂದಲೆಳೆಯಷ್ಟು ಜಾರಿದ್ದನ್ನು ಹಿಡಿದವನಿಗೆ ಈ ನಾಡು ಶಾಲು ಹೊದಿಸುತ್ತದೆ, ವಿದ್ವಾನ್ ಎನ್ನುತ್ತದೆ. ಕೆಟ್ಟು ನಿಂತ ಲಾರಿಯ ಬಾನೆಟ್ಟಿಗೆ ಕಿವಿಯಿಟ್ಟು, ಆರು ಸಿಲಿಂಡರುಗಳಲ್ಲಿ ಮೂರನೆಯದು ಕೆಲಸ ಮಾಡುತ್ತಿಲ್ಲ ಎಂದು ಹೇಳಿದವನಿಗೆ ಅದೇ ನಾಡು ನೂರು ರೂಪಾಯಿ ಬಿಸಾಕಿ 'ಕೈ ತೊಳ್ಕೊಂಡು ಹೋಗ್ಲಾ' ಎನ್ನುತ್ತದೆ. ಎರಡೂ ಕಿವಿಯ ಕೆಲಸವೇ. ಎರಡಕ್ಕೂ ವರ್ಷಗಟ್ಟಲೆ ಸಾಧಕ ಬೇಕು. ಎರಡರಲ್ಲೂ ತಪ್ಪು ಹೇಳಿದರೆ ಮಾನ ಹೋಗುತ್ತದೆ. ಲಾರಿಯಲ್ಲಾದರೆ ಮಾನದ ಜೊತೆಗೆ ಇನ್ನೊಬ್ಬನ ಅನ್ನವೂ ಹೋಗುತ್ತದೆ. ಹಾಗಿದ್ದ ಮೇಲೆ ಒಂದು ವಿದ್ಯೆ, ಇನ್ನೊಂದು ಕೂಲಿ ಆದದ್ದು ಹೇಗೆ? ಮಾಡಿದವರು ಯಾರು? ಈಗ ಆ ವಿದ್ಯೆಗೆ ಬೀಗ ಹಾಕುತ್ತಿರುವವರು ಯಾರು? ನಾವು ಕೇಳುತ್ತಿರುವುದು ಇಷ್ಟೇ.

ಕಟ್ಟಾಯ ಹಾಸನ ತಾಲೂಕಿನ ಒಂದು ಹೋಬಳಿ. ಹತ್ತಿರದಲ್ಲೇ ಗೊರೂರು, ಅಲ್ಲಿ ಹೇಮಾವತಿಗೆ 1979ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಮುಂಗಾರಿಗೆ ಆಲೂಗಡ್ಡೆ, ಮುಸುಕಿನ ಜೋಳ, ಶುಂಠಿ. ಬೆಳೆದದ್ದು ಹಾಸನದ ಮಾರ್ಕೆಟ್ಟಿಗೆ ಹೋಗಬೇಕು. ಅಲ್ಲಿಂದ ಬೆಂಗಳೂರಿಗೆ, ಇಲ್ಲವೇ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ಬೆಳೆಯನ್ನು ಹೊರುವುದು ಲಾರಿ. ಲಾರಿಗೆ ಮೂಟೆ ಹೊರುವುದು ಕೇರಿ. ಆ ಕೇರಿಯಿಂದಲೇ ಒಬ್ಬಿಬ್ಬರು ಕ್ಲೀನರಾಗಿ ಹತ್ತಿ, ಡ್ರೈವರಾಗಿ ಬೆಳೆದು, ಸಾಲಸೋಲ ಮಾಡಿ ಯಾರೋ ಓಡಿಸಿ ಬಿಟ್ಟ ಹಳೇ ಲಾರಿಗೆ ಓನರ್ ಆಗುತ್ತಾರೆ. ಓನರ್ ಅನ್ನೋ ಮಾತು ದೊಡ್ಡದು. ಒಳಗಿರೋದು ಬರೀ ಕಂತು.

ಅಂಥ ಲಾರಿ ಒಂದು ಬೆಳಗ್ಗೆ ಮಿಸ್ ಹೊಡೆಯಲು ಶುರು ಮಾಡುತ್ತದೆ. ಸ್ಟಾರ್ಟಾಗುತ್ತದೆ, ಆದರೆ ಜ್ವರ ಬಂದವರ ಹಾಗೆ ಮೈಯೆಲ್ಲ ನಡುಕ. ಲೋಡು ಬಿದ್ದರೆ ಎಳೆಯುವುದಿಲ್ಲ. ಹೊಗೆ ಬೇರೆ. ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಹೋದರೆ ಬಿಲ್ಲು ಎಷ್ಟಾಗುತ್ತದೋ ಆ ಶಿವನಿಗೂ ಗೊತ್ತಿಲ್ಲ. ನಿಂತ ಒಂದೊಂದು ದಿನಕ್ಕೂ ಬಾಡಿಗೆ ಇಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಅದಕ್ಕೇ ಲಾರಿ ಮನೆ ಮುಂದಿನ ಹುಣಸೆಮರದ ಕೆಳಗೇ ನಿಲ್ಲುತ್ತದೆ. ಗೋಣಿಚೀಲ ಹಾಸುತ್ತಾರೆ. ಮೇಸ್ತ್ರಿ ಬರುತ್ತಾನೆ.

ಅವನು ಬಂದ ಕೂಡಲೇ ಪಾನಾ ಎತ್ತುವುದಿಲ್ಲ. ಮೊದಲು ಕೇಳುತ್ತಾನೆ. "ಅಣ್ಣಾ, ಯಾವಾಗಿಂದ ಹಿಂಗೆ? ತಣ್ಣಗಿದ್ದಾಗ ಹೊಡೀತೈತಾ, ಬಿಸಿಯಾದ ಮೇಲಾ? ಡೀಸೆಲ್ ಎಲ್ಲಿ ಹಾಕ್ಸಿದ್ದೆ?" ಒಳ್ಳೆಯ ಡಾಕ್ಟರು ರೋಗಿಯನ್ನು ಕೇಳುವ ಪ್ರಶ್ನೆಗಳೇ ಇವು. ಆಮೇಲೆ ಹೊಗೆ ನೋಡುತ್ತಾನೆ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಇಲ್ಲವೇ ಡೀಸೆಲ್ ಹೆಚ್ಚು: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ನಾಝಲ್ ತೊಟ್ಟಿಕ್ಕುತ್ತಿರಬಹುದು. ನೀಲಿ ಹೊಗೆಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ: ರಿಂಗು ಸವೆದಿದೆ. ಬಿಳಿ ಹೊಗೆ, ಕಣ್ಣುರಿ ಬಂದರೆ ಡೀಸೆಲ್ ಉರಿಯದೆ ಹಾಗೇ ಹೊರಗೆ ಬರುತ್ತಿದೆ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದು, ನೀರಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೊಗೆಯ ಬಣ್ಣ ಓದುವುದೂ ಒಂದು ಅಕ್ಷರಾಭ್ಯಾಸ.

ಆಮೇಲೆ ಡೀಸೆಲ್ ಫಿಲ್ಟರಿನ ತಳ ಬಿಚ್ಚಿ ನೀರು ನಿಂತಿದೆಯಾ ನೋಡುತ್ತಾನೆ. ಪ್ರೈಮರ್ ಒತ್ತಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸುತ್ತಾನೆ. ನೊರೆ ಬಂದರೆ ಪೈಪಿನಲ್ಲಿ ಗಾಳಿ ಸೇರಿದೆ. ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೂ ಒತ್ತಬೇಕು. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಎರಡು ವಾಷರು ಬದಲಿಸಿದರೆ ಸಾಕು. ಪ್ರೈಮರ್ ಒತ್ತಿದ್ದು ಹೆಂಡತಿ. ಮೇಲೆ ಕೂತು ಆಕ್ಸಿಲರೇಟರ್ ಹದವಾಗಿ ಹಿಡಿದದ್ದು ಮಗಳು. ಅವರಿಗೂ ಈ ವಿದ್ಯೆ ಅರ್ಧ ಬರುತ್ತದೆ. ಮೇಸ್ತ್ರಿಯದು ಕೂಲಿಯಾದರೂ ಆಯಿತು, ಇವರದಕ್ಕೆ ಆ ಹೆಸರೂ ಇಲ್ಲ.

ಅಲ್ಲಿಗೂ ನಡುಕ ನಿಲ್ಲದಿದ್ದರೆ ಕಳ್ಳನನ್ನು ಹಿಡಿಯುವ ಕೆಲಸ. ತಣ್ಣಗಿದ್ದ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಒಂದೊಂದು ಕವಲಿನ ಮೇಲೂ ಒಂದೊಂದು ಹನಿ ನೀರು ಬಿಡುತ್ತಾರೆ. ಉರಿಯುತ್ತಿರುವ ಸಿಲಿಂಡರಿನ ಕವಲಲ್ಲಿ ಹನಿ ಚುರ್ ಎಂದು ಆರುತ್ತದೆ. ಸತ್ತ ಸಿಲಿಂಡರಿನ ಕವಲಲ್ಲಿ ಸುಮ್ಮನೆ ಹರಿದು ಹೋಗುತ್ತದೆ. ಕೇರಿಯವನ ಕೈಯ ನೀರು ಮುಟ್ಟಿದರೆ ಮೈಲಿಗೆ ಅನ್ನುವ ಊರಿನಲ್ಲಿ, ಆ ಕೈಯ ನೀರಿಗೆ ನಿಜ ನುಡಿಯುವುದು ಒಂದು ಕಬ್ಬಿಣದ ಇಂಜಿನ್ನು.

ಇನ್ನೊಂದು ದಾರಿ ಹಳೇ ಪಂಪಿನ ಲಾರಿಗಳಿಗೆ ಮಾತ್ರ. ಇಂಜಿನ್ ನಿಧಾನ ಓಡುವಾಗ ನಾಝಲ್ಲಿಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸುತ್ತಾರೆ, ಮತ್ತೆ ಬಿಗಿಯುತ್ತಾರೆ. ಸಡಿಲಿಸಿದಾಗ ಆ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. ಇಂಜಿನ್ನಿನ ದನಿ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ದನಿ ಹಾಗೇ ಇದ್ದರೆ ಅದೇ ಸುಮ್ಮನಿರುವುದು. ಮೂರನೆಯದು ಸುಮ್ಮನಿದೆ ಅನ್ನಿ. ಈಗ ಮೂರನೆಯದರ ನಾಝಲ್ ಬಿಚ್ಚಿ ನಾಲ್ಕಕ್ಕೆ, ನಾಲ್ಕರದು ಮೂರಕ್ಕೆ ಹಾಕುತ್ತಾರೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ಕಾಯಿಲೆ ನಾಲ್ಕಕ್ಕೆ ಹೋಯಿತೋ, ನಾಝಲ್ ಕೆಟ್ಟಿದೆ. ಮೂರರಲ್ಲೇ ಉಳಿಯಿತೋ, ತಪ್ಪು ನಾಝಲ್ಲಿನದಲ್ಲ: ವಾಲ್ವು ಕೂತಿಲ್ಲ, ಟ್ಯಾಪೆಟ್ ಹದ ತಪ್ಪಿದೆ, ರಿಂಗು ಹೋಗಿದೆ, ಇಲ್ಲವೇ ಪಂಪಿನೊಳಗೆ ಆ ಸಿಲಿಂಡರಿಗಿರುವ ಎಲಿಮೆಂಟ್ ಸವೆದಿದೆ.

ಗೆಳೆಯರೆ, ಹಳ್ಳಿ ಮೇಷ್ಟರುಗಳೇ, ಇದಕ್ಕೆ ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಏನೆಂದು ಹೆಸರು? ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಇಡು, ಫಲ ನೋಡು, ತೀರ್ಮಾನ ಹೇಳು. ಇದು ಪ್ರಯೋಗ. ಗೆಲಿಲಿಯೋನ ಹೆಸರು ಹೇಳಿ ನಾವು ಮಕ್ಕಳಿಗೆ ಕಲಿಸುವುದು ಇದನ್ನೇ. ಕಲಿಸಿದ ಮೇಲೆ ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಅದನ್ನೇ ಮಾಡುತ್ತಿರುವವನನ್ನು ದಾಟಿಕೊಂಡು ಹೋಗುತ್ತೇವೆ, ಬಟ್ಟೆಗೆ ಗ್ರೀಸ್ ತಾಗದ ಹಾಗೆ.

ಆರು ಸಿಲಿಂಡರಿನ ಇಂಜಿನ್ನಿನಲ್ಲಿ ಬೆಂಕಿ ಹೊತ್ತುವ ಸರದಿ ಒಂದು, ಐದು, ಮೂರು, ಆರು, ಎರಡು, ನಾಲ್ಕು. ಶಾಲೆಯ ಮೆಟ್ಟಿಲು ಹತ್ತದವನೂ ಇದನ್ನು ನಿದ್ದೆಯಲ್ಲಿ ಹೇಳುತ್ತಾನೆ. ಇದೂ ಮಂತ್ರವೇ. ಒಂದೇ ವ್ಯತ್ಯಾಸ. ಈ ಮಂತ್ರ ತಪ್ಪಿದರೆ ಇಂಜಿನ್ ಓಡುವುದಿಲ್ಲ. ಎಲ್ಲರ ಎದುರಿಗೇ ತಪ್ಪು ಗೊತ್ತಾಗುತ್ತದೆ. ಪುರೋಹಿತನ ಮಂತ್ರಕ್ಕೆ ಅಂಥ ಪರೀಕ್ಷೆ ಯಾವತ್ತಾದರೂ ಇತ್ತೇ? ಪರೀಕ್ಷೆಯೇ ಇಲ್ಲದ್ದನ್ನು ವಿದ್ಯೆ ಎಂದು ತಲೆ ಮೇಲೆ ಹೊತ್ತು, ದಿನದಿನವೂ ಪರೀಕ್ಷೆಗೆ ನಿಲ್ಲುವುದನ್ನು ಕೈಕೆಲಸ ಎಂದು ಕಾಲ ಕೆಳಗೆ ಹಾಕಿದ ಬುದ್ಧಿ ಯಾವುದು?

ಆ ಬುದ್ಧಿಯ ಹೆಸರು ಜಾತಿ. ಜಾತಿಯು ಕೆಲಸವನ್ನಷ್ಟೇ ಹಂಚಲಿಲ್ಲ, ದುಡಿಯುವವರನ್ನೇ ಒಬ್ಬರ ತಲೆಯ ಮೇಲೊಬ್ಬರನ್ನು ಪೇರಿಸಿಟ್ಟಿತು ಎಂಬುದನ್ನು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಬರೆದು ಸುಮ್ಮನಾಗಲಿಲ್ಲ. 1942ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಪತ್ರದಲ್ಲಿ, ಪರಿಶಿಷ್ಟ ಜಾತಿಯ ಹುಡುಗರಿಗೆ ವಿಜ್ಞಾನ, ತಂತ್ರಜ್ಞಾನ ಕಲಿಯಲು ವಿದ್ಯಾರ್ಥಿವೇತನ ಕೊಡಿ, ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ಕಾರ್ಯಾಗಾರಗಳಲ್ಲಿ ಅವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳಿ ಎಂದು ಕೇಳಿದರು. ಗುಮಾಸ್ತೆಯ ಕುರ್ಚಿ ಸಾಲದು, ಯಂತ್ರದ ಒಳಗುಟ್ಟೂ ನಮ್ಮ ಕೈಗೆ ಬರಬೇಕು ಎಂಬುದು ಅವರಿಗೆ ಗೊತ್ತಿತ್ತು. ಭಾಷಣದಲ್ಲಿ ಅಂಬೇಡ್ಕರರನ್ನು ಕರೆಯುವ ನಮ್ಮವರು ಈ ಪುಟ ತೆರೆಯುವುದು ಕಮ್ಮಿ.

ಊರಿನ ದೊಡ್ಡವರ ಟ್ರ್ಯಾಕ್ಟರು, ಲಾರಿ ಕೆಟ್ಟರೆ ಕೇರಿಗೆ ಆಳು ಬರುತ್ತದೆ. ಇಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಬಹುದು. ಮನೆಯ ಹೊಸ್ತಿಲೊಳಗೆ ಕಾಲು ಹಾಕಬಾರದು. ಟೀ ಬರುತ್ತದೆ, ಪೇಪರ್ ಲೋಟದಲ್ಲಿ. ಪೇಪರ್ ಲೋಟ ಬಂದ ಮೇಲೆ ಎರಡು ಲೋಟದ ಪದ್ಧತಿ ಹೋಯಿತು ಎಂದು ಕೆಲವರು ಬರೆಯುತ್ತಾರೆ. ಹೋಗಲಿಲ್ಲ ಸ್ವಾಮಿ, ಮುಖ ಮುಚ್ಚಿಕೊಂಡಿತು ಅಷ್ಟೆ. ಆಯುಧಪೂಜೆಯ ದಿನ ಅದೇ ಲಾರಿಗೆ ಬಾಳೆಕಂದು, ಹೂವಿನ ಹಾರ, ಬೂದುಗುಂಬಳ. ಪಾನಾ, ಸ್ಕ್ರೂಡ್ರೈವರ್‌ಗಳಿಗೂ ಕುಂಕುಮ. ಪಾನಾ ಹಿಡಿದ ಕೈಗೆ? ಆಯುಧಕ್ಕೆ ಕೈಮುಗಿದು ಆಯುಧ ಹಿಡಿದವನನ್ನು ಹೊರಗಿಡುವ ಹಬ್ಬವನ್ನು ನಾಡಹಬ್ಬ ಎನ್ನುತ್ತೇವೆ.

ಜಾನಪದ ವಿದ್ವಾಂಸರಿಗೂ ನಮ್ಮದೊಂದು ಮಾತಿದೆ. ಬೀಸುವ ಕಲ್ಲಿನ ಹಾಡು ಸಂಗ್ರಹಿಸಿದಿರಿ, ನಾಟಿ ಔಷಧಿ ಸಂಗ್ರಹಿಸಿದಿರಿ, ಸಂತೋಷ. ಆದರೆ ಡೀಸೆಲ್ ವಾಸನೆ ಬಂದ ಕೂಡಲೇ ಯಾಕೆ ಮೂಗು ಮುಚ್ಚಿಕೊಳ್ಳುತ್ತೀರಿ? ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಮಾಡಿದ ಪಂಪು, ನಾಝಲ್ಲುಗಳು ಲಾರಿ ಏರಿ ಹಳ್ಳಿ ಹಳ್ಳಿಗೆ ಬಂದವು. 2008ರಲ್ಲಿ ಆ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ. ಆ ಪಂಪಿನ ಸುತ್ತ ಬೆಳೆದ ಕನ್ನಡ ಮಾತುಗಳಿವೆ, ಗಾದೆಗಳಿವೆ, ಗುರುಶಿಷ್ಯರ ಸಾಲಿದೆ. ಯಾವ ವಿಶ್ವವಿದ್ಯಾಲಯದ ಯಾವ ಪ್ರಬಂಧಕ್ಕೆ ಅದು ಬೇಕಾಗಿದೆ? ಬಡವನ ಜ್ಞಾನ ಹಳೆಯದಾಗಿದ್ದರೆ, ಸಾಯುತ್ತಿದ್ದರೆ, ಹಾಡಾಗಿದ್ದರೆ ಮಾತ್ರ ನಿಮಗೆ ಚೆಂದ. ಬದುಕಿದ್ದು, ಗುಡುಗುಡು ಎಂದು ಸದ್ದು ಮಾಡಿದರೆ ಅದು ಗಲಾಟೆ.

ಹಾಗೆಂದು ನಾವು ಕಪ್ಪು ಕೈಯ ಭಜನೆ ಮಾಡುವವರಲ್ಲ. ಈ ಕೆಲಸದಲ್ಲಿ ಕಿವಿ ಮಂದವಾಗುತ್ತದೆ. ಹೊಗೆ ಎದೆಗೆ ಇಳಿಯುತ್ತದೆ. ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ತೀರ್ಮಾನ ಕೊಟ್ಟಿದೆ. ಹನ್ನೆರಡು ವರ್ಷದ ಹುಡುಗ ಸ್ಲೇಟು ಬಿಟ್ಟು ಪಾನಾ ಹಿಡಿದರೆ ಅದು ಕುಶಲತೆ ಅಲ್ಲ, ಕಳ್ಳತನ. ಅವನ ಬಾಲ್ಯವನ್ನು ಕದ್ದದ್ದು. ನಾವು ಕೇಳುತ್ತಿರುವುದು ಕೇರಿಯ ಹುಡುಗ ಮೇಸ್ತ್ರಿಯಾಗಿಯೇ ಉಳಿಯಲಿ ಎಂದಲ್ಲ. ಮೇಸ್ತ್ರಿಗೆ ಗೊತ್ತಿರುವುದನ್ನು ಜ್ಞಾನ ಎಂದು ಒಪ್ಪಿ, ಅದರ ಮೇಲೆ ಮೆಟ್ಟಿಲು ಕಟ್ಟಿ ಎಂದು.

ಇದೊಂದು ಕಡೆ. ಇನ್ನೊಂದು ಕಡೆಯಿಂದ ಹೊಸ ಅಗ್ರಹಾರ ಬಂದಿದೆ. ಅದಕ್ಕೆ ಜನಿವಾರ ಇಲ್ಲ, ಪಾಸ್‌ವರ್ಡ್ ಇದೆ.

2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಭಾರತ್ ಸ್ಟೇಜ್ 4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6. ಹೊಸ ಲಾರಿಗಳಲ್ಲಿ ಡೀಸೆಲ್ ಅಳೆಯುವುದು ಕಂಪ್ಯೂಟರು. ಮೈತುಂಬ ಸೆನ್ಸರು. ದೊಡ್ಡ ಲಾರಿಗಳಲ್ಲಿ ಹೊಗೆ ತೊಳೆಯಲು ಯೂರಿಯಾ ನೀರಿನ ಟ್ಯಾಂಕು. ಹಳೇ ನಾಝಲ್ ಸುಮಾರು 200 ಬಾರ್ ಒತ್ತಡಕ್ಕೆ ಬಾಯಿ ಬಿಡುತ್ತಿತ್ತು. ಹೊಸದರ ಪೈಪಿನಲ್ಲಿ 1,600 ಬಾರ್, ಅದಕ್ಕೂ ಮೇಲೆ. ಲಾರಿಯ ಟೈರಿನ ಗಾಳಿ ಸುಮಾರು 8 ಬಾರ್. ಅದರ ಇನ್ನೂರು ಪಟ್ಟು ಎಂದು ಲೆಕ್ಕ ಹಾಕಿ. ನಟ್ಟು ಸಡಿಲಿಸಿ ನೋಡುವ ಹಳೇ ಪರೀಕ್ಷೆಯನ್ನು ಇದರ ಮೇಲೆ ಮಾಡಿದರೆ ಡೀಸೆಲ್ ಸೂಜಿಯ ಹಾಗೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆಯಬೇಕಾದೀತು. ಯಾರೂ ಮಾಡಬೇಡಿ. ನಮ್ಮ ಹುಡುಗರಿಗೆ ಇದನ್ನು ಕೂಗಿ ಹೇಳಿ.

ನಟ್ಟಿನ ಬದಲು ಈಗ ಏನು? ಸ್ಕ್ಯಾನರು. ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ಅದೇ ಹೇಳುತ್ತದೆ. ಒಳ್ಳೆಯದೇ. ಆದರೆ ಕಂಪನಿಯ ಸ್ಕ್ಯಾನರು ಕಂಪನಿಯ ಕೋಣೆಯಲ್ಲಿದೆ. ಹೊರಗೆ ಸಿಗುವ ಅಗ್ಗದ ಸ್ಕ್ಯಾನರು ಅರ್ಧ ಮಾತು ಹೇಳಿ ಬಾಯಿ ಮುಚ್ಚುತ್ತದೆ. ಹೊಗೆಯ ವ್ಯವಸ್ಥೆಯಲ್ಲಿ ಏನಾದರೂ ಕೆಟ್ಟರೆ, ಯೂರಿಯಾ ಮುಗಿದರೆ, ಕಂಪ್ಯೂಟರು ತಾನಾಗಿಯೇ ಲಾರಿಯ ಬಲ ತಗ್ಗಿಸುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಲೋಡು ಹೊತ್ತು ನಿಂತವನಿಗೆ ಹಲಗೆಯ ಮೇಲೆ ಒಂದು ಹಳದಿ ದೀಪ. ಆ ದೀಪದ ಅರ್ಥ ಬೇರೆಯವರ ಹತ್ತಿರ ಇದೆ. ನೋಡಬಹುದು, ಓದಬಾರದು. ಕೇಳಿದರೆ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದ ಶಾಸ್ತ್ರಕ್ಕೂ ಇದಕ್ಕೂ ಎಷ್ಟು ದೂರ?

'ಹಾಗಾದರೆ ನಿಮಗೆ ಕಪ್ಪು ಹೊಗೆಯೇ ಬೇಕಾ?' ಎಂದು ಕೇಳುವವರಿದ್ದಾರೆ. ಬೇಡ. ಹೆದ್ದಾರಿ ಪಕ್ಕದ ಗುಡಿಸಲುಗಳಲ್ಲಿ ಆ ಹೊಗೆ ಕುಡಿದವರು ನಾವೇ. ಶುದ್ಧ ಗಾಳಿಯ ಕಾನೂನು ನಮಗೆ ಎಲ್ಲರಿಗಿಂತ ಮೊದಲು ಬೇಕು. ಗಾಳಿಯನ್ನು ಶುದ್ಧ ಮಾಡುವುದಕ್ಕೂ ಪುಸ್ತಕಕ್ಕೆ ಬೀಗ ಹಾಕುವುದಕ್ಕೂ ಏನು ಸಂಬಂಧ? ಸರಿಯಾಗಿ ರಿಪೇರಿ ಮಾಡಲು ಬಿಡದಿದ್ದರೇ ಜನ ಕಳ್ಳದಾರಿಯಲ್ಲಿ ಸೆನ್ಸರು ಕಿತ್ತು ಹಾಕುತ್ತಾರೆ, ಹೊಗೆ ಹೆಚ್ಚುತ್ತದೆ. ಬೀಗದಿಂದ ಉಳಿಯುವುದು ಗಾಳಿಯಲ್ಲ, ಲಾಭ.

ಇದು ನಮ್ಮ ಹೊಟ್ಟೆಕಿಚ್ಚಿನ ಮಾತಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಪುಸ್ತಕ, ಪರೀಕ್ಷೆಯ ಸಾಧನ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದದ್ದು ತಪ್ಪು ಎಂದಿತು. ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಓಟು ಹಾಕಿಯೇ, ವಾಹನ ರಿಪೇರಿಯ ಮಾಹಿತಿ ಎಲ್ಲ ಮೆಕ್ಯಾನಿಕ್ಕುಗಳಿಗೂ ಸಿಗಬೇಕು ಎಂಬ ಕಾನೂನು ಗೆದ್ದುಕೊಂಡರು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗೆ ಒಂದು ಸಮಿತಿ ಮಾಡಿತು, ಅದೇ ವರ್ಷ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ತೆರೆದರೆ ಬಾನೆಟ್ಟು ತೆರೆದಂತಾಯಿತೇ? ಅದರಲ್ಲಿರುವುದನ್ನು ಕಟ್ಟಾಯದ ಮೇಸ್ತ್ರಿ ಯಾವ ಭಾಷೆಯಲ್ಲಿ ಓದಬೇಕು?

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1890ರ ದಶಕದಲ್ಲಿ ಈ ಯಂತ್ರ ಕಂಡುಹಿಡಿದಾಗ ಅವನ ತಲೆಯಲ್ಲಿದ್ದದ್ದು ಸಣ್ಣ ಕುಶಲಕರ್ಮಿ. ದೊಡ್ಡ ಉಗಿಯಂತ್ರ ದೊಡ್ಡ ಬಂಡವಾಳಗಾರನ ಕೈಯಲ್ಲಿದೆ, ಸಣ್ಣವನಿಗೂ ಅವನದೇ ಶಕ್ತಿ ಬೇಕು ಎಂದುಕೊಂಡಿದ್ದ. ನೂರಿಪ್ಪತ್ತೈದು ವರ್ಷ ದಾಟಿದೆ. ಅವನ ಹೆಸರು ಹೊತ್ತ ಇಂಜಿನ್ನೇ ಇವತ್ತು ಸಣ್ಣವನಿಗೆ ಬಾಗಿಲು ಹಾಕಿ ಕೂತಿದೆ. ಯಂತ್ರಕ್ಕೆ ಜಾತಿ ಇಲ್ಲ, ನಿಜ. ಯಂತ್ರದ ಬೀಗದಕೈ ಯಾರ ಸೊಂಟದಲ್ಲಿದೆ ಎಂಬುದಕ್ಕೆ ಜಾತಿಯೂ ಇದೆ, ವರ್ಗವೂ ಇದೆ.

ಸರ್ಕಾರದ ದಾನಬುದ್ಧಿಯನ್ನೂ ನೋಡಿ. 2023ರ ರಾಜ್ಯ ಬಜೆಟ್ಟಿನಲ್ಲಿ ಸ್ವಾವಲಂಬಿ ಸಾರಥಿ ಎಂಬ ಯೋಜನೆ ಬಂತು. ಪರಿಶಿಷ್ಟರ ಹುಡುಗರು ಗಾಡಿ ಕೊಳ್ಳಲು ಬೆಲೆಯ ಮುಕ್ಕಾಲು ಪಾಲು, 4 ಲಕ್ಷ ರೂಪಾಯಿಯ ಮಿತಿಯೊಳಗೆ, ಸಹಾಯಧನ. ಬೇಡ ಎನ್ನುವುದಿಲ್ಲ, ಅದು ನಮ್ಮ ಪಾಲು. ಆದರೆ ಗಾಡಿಯ ಕೀಲಿ ಕೊಟ್ಟು ಅದರ ಒಳಗುಟ್ಟನ್ನು ಕಂಪನಿಯ ಹತ್ತಿರವೇ ಬಿಟ್ಟರೆ ಅದು ಸ್ವಾವಲಂಬನೆ ಹೇಗಾಯಿತು? ಮೊದಲ ಸಲ ಹಳದಿ ದೀಪ ಹತ್ತಿದಾಗಲೇ ಸಾರಥಿ ಮತ್ತೆ ಆಳಾಗುತ್ತಾನೆ.

ಬಿ.ಎ. ಮುಗಿಸಿ ಬಂದ ನಮ್ಮ ಪೈಕಿಯವರಿಗೂ ಒಂದು ಮಾತು. ಅಪ್ಪನ ಉಗುರಿನ ಸಂದಿಯ ಗ್ರೀಸ್ ಕಂಡು ನಾಚುವುದನ್ನು ನಮಗೆ ಕಲಿಸಿದ್ದು ಕಾಲೇಜು. ಇಂಗ್ಲಿಷಿನ ರಿಪೇರಿ ಪುಸ್ತಕ ಓದಬಲ್ಲವರು ಕೇರಿಯಲ್ಲಿ ಈಗ ನಾವಿದ್ದೇವೆ. ಇಂಜಿನ್ನು ಓದಬಲ್ಲವರು ಅವರಿದ್ದಾರೆ. ಎರಡೂ ಓದು ಒಂದು ಕಡೆ ಕೂರದ ಹಾಗೆ ನೋಡಿಕೊಳ್ಳುವುದೇ ಈ ವ್ಯವಸ್ಥೆಯ ಹೂಟ. ನಾವು ಪದವಿ ಪತ್ರ ಹಿಡಿದು ಪಟ್ಟಣದಲ್ಲಿ ಕೆಲಸಕ್ಕೆ ಅಲೆಯುತ್ತಿದ್ದರೆ, ಅವರು ಅರ್ಥವಾಗದ ದೀಪದ ಮುಂದೆ ಕೂತಿದ್ದರೆ, ಯಾರಿಗೆ ಅನುಕೂಲ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಬಿಡಿಬಿಡಿಯಾಗಿ ಇಡುತ್ತೇವೆ.

ಒಂದು: ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಗಾಡಿಯ ರಿಪೇರಿ ಪುಸ್ತಕ, ವೈರಿಂಗ್ ನಕ್ಷೆ, ದೀಪದ ಕೋಡುಗಳ ಅರ್ಥ ಕನ್ನಡದಲ್ಲಿ, ಪುಕ್ಕಟೆಯಾಗಿ ಸಿಗಬೇಕು.

ಎರಡು: ಪೂರ್ತಿ ಮಾತಾಡುವ ಸ್ಕ್ಯಾನರು ಹೋಬಳಿಗೆ ಒಂದರಂತೆ, ಸಾರ್ವಜನಿಕ ಆಸ್ತಿಯಾಗಿ, ಗ್ರಂಥಾಲಯದ ಪುಸ್ತಕದ ಹಾಗೆ ಇರಬೇಕು.

ಮೂರು: ಹಾಸನದಲ್ಲಿ ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರವಿದೆ. ಜನರ ದುಡ್ಡಿನ ಕಾರ್ಯಾಗಾರ. ಹಳ್ಳಿಯ ಮೇಸ್ತ್ರಿಗಳಿಗೆ, ಕೇರಿಯ ಹುಡುಗ ಹುಡುಗಿಯರಿಗೆ ಹೊಸ ಇಂಜಿನ್ನುಗಳ ತರಬೇತಿಯನ್ನು ಅಲ್ಲಿ, ಕೂಲಿ ತುಂಬಿಕೊಟ್ಟು, ನಡೆಸಬೇಕು.

ನಾಲ್ಕು: ಇಪ್ಪತ್ತು ವರ್ಷ ಇಂಜಿನ್ ಬಿಚ್ಚಿದವನ ಕೈಯನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಎಂದು ಬಾಗಿಲಲ್ಲೇ ತಡೆಯಬಾರದು.

ಐದು: ವಾಹನಕ್ಕೆ ಸಹಾಯಧನ ಕೊಡುವಾಗ ಆ ಕಂಪನಿಯ ರಿಪೇರಿ ಮಾಹಿತಿ ಮುಕ್ತವಾಗಿದೆಯೇ ಎಂದು ಮೊದಲು ಕೇಳಬೇಕು. ಇಲ್ಲವೆಂದರೆ ಸರ್ಕಾರದ ದುಡ್ಡು ಆ ಕಂಪನಿಗೆ ಹೋಗಬಾರದು.

ಇವು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ವಿದ್ಯಾರ್ಥಿಗಳು ಭಾನುವಾರ ಒಂದು ದಿನ ಮೇಸ್ತ್ರಿಯ ಪಕ್ಕ ಗೋಣಿಚೀಲದ ಮೇಲೆ ಕೂತು, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಬರೆದವರ ಹೆಸರಿಗಿಂತ ಮೊದಲು ಹೇಳಿದವರ ಹೆಸರು ಹಾಕಿ. ಸಂಘಟನೆಯ ಶಿಬಿರಗಳಲ್ಲಿ ಹಾಡು, ನಾಟಕದ ಜೊತೆಗೆ ಒಂದು ಇಂಜಿನ್ನನ್ನೂ ಬಿಚ್ಚೋಣ. ಮೇಷ್ಟರುಗಳು ಉಷ್ಣದ ಪಾಠ ಮಾಡುವ ದಿನ ಊರಿನ ಮೇಸ್ತ್ರಿಯನ್ನು ತರಗತಿಗೆ ಕರೆಯಿರಿ. ನಿಮ್ಮ ಕುರ್ಚಿಯಲ್ಲಿ ಕೂರಿಸಿ. 'ಬನ್ನಿ, ಹೇಳಿ' ಎಂದು ಬಹುವಚನದಲ್ಲಿ ಮಾತಾಡಿಸಿ. ಆ ಒಂದು ಬಹುವಚನ ಮಕ್ಕಳ ಕಿವಿಗೆ ಬೀಳಲಿ.

ಮೇಷ್ಟ್ರು ಎಂಬ ಮಾತು ಇಂಗ್ಲಿಷಿನ ಮಾಸ್ಟರ್‌ನಿಂದ ಬಂತು. ಮೇಸ್ತ್ರಿ ಎಂಬುದು ಪೋರ್ಚುಗೀಸರ ಮೆಸ್ತ್ರೆಯಿಂದ ಬಂತು. ಎರಡೂ ಲ್ಯಾಟಿನ್ನಿನ ಒಂದೇ ಬೇರಿನವು. ಎರಡರ ಅರ್ಥವೂ ಗುರು. ಒಂದೇ ತಾಯಿಯ ಎರಡು ಮಾತು ಹಡಗು ಹತ್ತಿ ಈ ನೆಲಕ್ಕೆ ಬಂದವು. ಇಳಿದ ಮೇಲೆ ಈ ನೆಲದ ಜಾತಿ ಒಂದಕ್ಕೆ ಕುರ್ಚಿ ಹಾಕಿತು, ಇನ್ನೊಂದಕ್ಕೆ ಗೋಣಿಚೀಲ ಹಾಸಿತು. ಆರರಲ್ಲಿ ಒಂದು ಸಿಲಿಂಡರನ್ನು ಸುಮ್ಮನಿರಿಸಿದರೆ ಇಡೀ ಲಾರಿ ನಡುಗುತ್ತದೆ, ಏರು ಹತ್ತುವುದಿಲ್ಲ. ಎಷ್ಟು ಜನರ ಬಾಯಿ ಮುಚ್ಚಿಸಿ ಈ ದೇಶ ಏರು ಹತ್ತಲು ಹೊರಟಿದೆ? ಗೋಣಿಚೀಲದ ಮೇಲಿನ ಗುರುವಿಗೆ ಕುರ್ಚಿ ಹಾಕಿ. ಹಾಕದಿದ್ದರೆ ನಾವೇ ಎಳೆದು ಹಾಕುತ್ತೇವೆ.